ಒಂದು ಸಾಲಿನ ಹೊಣೆ

ತಂತ್ರಾಂಶವು ಸುಸ್ಥಿತಿಯಲ್ಲಿದೆಯೇ ಎಂದು ನೋಡುವ ಕೆಲಸವನ್ನು ಈಗ ಕೃತಕ ಬುದ್ಧಿಮತ್ತೆಯ ಏಜೆಂಟ್‌ಗಳಿಗೂ ಒಪ್ಪಿಸುತ್ತಿದ್ದೇವೆ. ತಪಾಸಣೆಯ ಉಪಕರಣದ ಒಳಗಿನ ಕೋಡ್ ಸಾಮಾನ್ಯವಾಗಿ ಏಜೆಂಟ್‌ಗೆ ಕಾಣದು. 2024ರಲ್ಲಿ ಬಂದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್‌ನಲ್ಲೂ ಅದು ಮುಖ್ಯವಾಗಿ ಉಪಕರಣದ ಹೆಸರು, ವಿವರಣೆ ಮತ್ತು ಒದಗಿಸಬೇಕಾದ ಮಾಹಿತಿಯ ನಮೂನೆಯನ್ನು ಓದಿಯೇ ಆಯ್ಕೆ ಮಾಡುತ್ತದೆ.

ಆದರೂ ‘ಸರ್ವರ್‌ನ ಆರೋಗ್ಯವನ್ನು ಪರೀಕ್ಷಿಸುತ್ತದೆ’ ಎಂದು ಗೀಚಿ ಕೈತೊಳೆದುಕೊಳ್ಳುತ್ತೇವೆ. ಯಾವ ಆರೋಗ್ಯ? ಉಸಿರಾಡುವುದು ಬೇರೆ, ದುಡಿಯಲು ಸಿದ್ಧವಾಗಿರುವುದು ಬೇರೆ. ಕುಬರ್ನೆಟಿಸ್ ಈ ಭೇದವನ್ನು ಗುರುತಿಸಿದೆ: ಲೈವ್‌ನೆಸ್ ಪರೀಕ್ಷೆ ಮತ್ತೆ ಮತ್ತೆ ವಿಫಲವಾದರೆ ಕಂಟೇನರ್ ಅನ್ನು ಮರುಪ್ರಾರಂಭಿಸುತ್ತದೆ, ರೆಡಿನೆಸ್ ಪರೀಕ್ಷೆ ವಿಫಲವಾದರೆ ಅದರತ್ತ ಕೋರಿಕೆಗಳನ್ನು ಕಳುಹಿಸುವುದನ್ನು ನಿಲ್ಲಿಸುತ್ತದೆ. ವಿವರಣೆಯಲ್ಲಿ ಈ ಭೇದವಿಲ್ಲದಿದ್ದರೆ, ಯಶಸ್ಸಿನ ಸಂಕೇತವಾದ 200 ಕಂಡೊಡನೆ ಏಜೆಂಟ್ ‘ಎಲ್ಲ ಕ್ಷೇಮ’ ಎಂದು ವರದಿ ಮಾಡೀತು. ಅತ್ತ ಡೇಟಾಬೇಸ್ ಸಂಪರ್ಕ ಕಡಿದು ಗ್ರಾಹಕರು ಹಣ ಕಟ್ಟಲಾಗದೆ ಪರದಾಡುತ್ತಿರಬಹುದು.

ಆದ್ದರಿಂದ, ಉಪಕರಣವು ಏನನ್ನು ಪರೀಕ್ಷಿಸುತ್ತದೆ ಎಂಬಷ್ಟೇ ಸ್ಪಷ್ಟವಾಗಿ ಏನನ್ನು ಪರೀಕ್ಷಿಸುವುದಿಲ್ಲ ಎಂಬುದನ್ನೂ ಬರೆಯಬೇಕೆಂಬುದು ನನ್ನ ನಿಲುವು. ಅದನ್ನು ಯಾವಾಗ ಬಳಸಬೇಕು, ಬಳಸಿದರೆ ವ್ಯವಸ್ಥೆಯಲ್ಲಿ ಏನಾದರೂ ಬದಲಾಗುವುದೇ ಎಂಬುದೂ ಅಲ್ಲಿರಲಿ. ಹೊಸ ಸಹೋದ್ಯೋಗಿಯಾದರೆ ಸಂಶಯ ಬಂದಾಗ ಪಕ್ಕದ ಮೇಜಿನವರನ್ನು ಕೇಳಿಯಾನು. ಏಜೆಂಟ್ ಬಹುಮಟ್ಟಿಗೆ ಓದಿದ್ದನ್ನೇ ನಂಬಿ ಮುಂದೆ ಸಾಗುತ್ತದೆ. ಪುಣೆ, ಹೈದರಾಬಾದುಗಳ ಕಚೇರಿಗಳಲ್ಲಿ ಕುಳಿತು ಇಂಥ ಸಾಲುಗಳನ್ನು ಬರೆಯುವ ನಮ್ಮವರು, ಪ್ರಬಂಧದ ಪದಗಳನ್ನು ತೂಗುವಂತೆಯೇ ಇವನ್ನೂ ತೂಗಿ ಬರೆಯಲಿ.