ಸ್ಟೇರಿಂಗ್ ಹಗುರಾಯ್ತು, ಕಾರು ಉಳೀತು

ಹಳೇ ಕಾರು ಇರುವ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಪಕ್ಷಗಳಿರುತ್ತವೆ. ‘ಮುಟ್ಟಬೇಡಿ, ಹೇಗಿದೆಯೋ ಹಾಗೇ ಇರಲಿ’ ಅನ್ನೋದು ಒಂದು. ‘ಸುಮ್ಮನೆ ಜಾಗ ತಿನ್ನುತ್ತೆ, ಕೊಟ್ಟುಬಿಡಿ’ ಅನ್ನೋದು ಇನ್ನೊಂದು. ಶಿವಮೊಗ್ಗದ ನಮ್ಮ ಮನೆಯಲ್ಲಿ ತಮ್ಮ ಮೊದಲನೇ ಪಕ್ಷ, ಅಮ್ಮ ಎರಡನೇ ಪಕ್ಷ. ನಾನು ಮೂರನೇ ಪಕ್ಷ ಕಟ್ಟಬೇಕಾಯ್ತು.

ವಿಷಯ ಅಪ್ಪನ 1984ರ ಅಂಬಾಸಿಡರ್‌ದು. ಕಾರಿಗೆ ಏನೂ ಆಗಿರಲಿಲ್ಲ, ಆಗಿದ್ದು ಅಪ್ಪನ ಬಲ ಭುಜಕ್ಕೆ. ಎಪ್ಪತ್ತಾರರ ಅವರಿಗೆ ತೋಳು ಒಂದು ಹದಕ್ಕಿಂತ ಮೇಲೆ ಏಳ್ತಿರಲಿಲ್ಲ. ರಸ್ತೆಯಲ್ಲಿ ಓಡಿಸೋದು ಕಷ್ಟವೇನಲ್ಲ. ನಮ್ಮ ಓಣಿಯಲ್ಲಿ ರಿವರ್ಸ್ ತಗೊಂಡು ಗೇಟಿನೊಳಗೆ ತರೋದೇ ಕಷ್ಟ. ಆರು ತಿಂಗಳು ಕಾರು ಟಾರ್ಪಾಲು ಹೊದ್ದು ನಿಂತಿತ್ತು. ಆ ಆರು ತಿಂಗಳು ಅಪ್ಪ ಪೇಟೆಗೆ ಹೋಗಬೇಕಾದರೆ ಯಾರನ್ನಾದರೂ ಕಾಯಬೇಕಿತ್ತು. ಬರ್ತಾ ಬರ್ತಾ ಹೋಗಬೇಕು ಅಂತ ಹೇಳೋದನ್ನೇ ಬಿಟ್ಟರು. ನನಗೆ ಚಿಂತೆ ಹತ್ತಿದ್ದು ಅದಕ್ಕೆ.

ಅಂಬಾಸಿಡರ್ ಓಡಿಸಿದವರಿಗೆ ಆ ಸ್ಟೇರಿಂಗಿನ ಭಾರ ಗೊತ್ತೇ ಇರುತ್ತೆ. ಅದು 1950ರ ದಶಕದ ಮಾರಿಸ್ ಆಕ್ಸ್‌ಫರ್ಡ್ ಕಾರಿನ ವಿನ್ಯಾಸ. ಉತ್ತರಪಾರಾದ ಕಾರ್ಖಾನೆಯಲ್ಲಿ 2014ರವರೆಗೂ ತಯಾರಾಗ್ತಾ ಇತ್ತು. ಕಬ್ಬಿಣದ ಎಂಜಿನ್ನಿನ ಭಾರ ಮುಂದಿನ ಚಕ್ರಗಳ ಮೇಲೆ. ಅವನ್ನು ತಿರುಗಿಸೋದಕ್ಕೆ ನಮ್ಮ ರಟ್ಟೆ ಬಿಟ್ಟರೆ ಬೇರೆ ಶಕ್ತಿ ಇಲ್ಲ. ಅದಕ್ಕೇ ಚಕ್ರ ಅಷ್ಟು ದೊಡ್ಡದು. ದೊಡ್ಡ ಚಕ್ರ ಅಂದರೆ ಉದ್ದನೆಯ ಸನ್ನೆಗೋಲಿದ್ದ ಹಾಗೆ. ಕಾರು ಒಂಚೂರು ಉರುಳ್ತಾ ಇದ್ದರೆ ಸಲೀಸು, ನಿಂತಲ್ಲೇ ತಿರುಗಿಸಿದರೆ ಟೈರು ನೆಲಕ್ಕೆ ಉಜ್ಜಿಕೊಂಡೇ ತಿರುಗಬೇಕು.

ಹಾಗಂತ ಸ್ಟೇರಿಂಗ್ ಭಾರ ಅಂದ ಕೂಡಲೇ ಮೋಟಾರು ಹಾಕಿಸಲು ಓಡಬೇಡಿ. ನಮ್ಮ ಮೆಕ್ಯಾನಿಕ್ ಮೊದಲ ದಿನ ಮಾಡಿದ್ದು ಬರೀ ತಪಾಸಣೆ. ಟೈರಿನ ಗಾಳಿ, ಮುಂದಿನ ಚಕ್ರದ ಕೀಲುಗಳು, ಟೈ ರಾಡಿನ ತುದಿಗಳು, ವೀಲ್ ಅಲೈನ್‌ಮೆಂಟ್ ಎಲ್ಲ ನೋಡಿದರು. ಗ್ರೀಸ್ ಕಾಣದ ಕೀಲೇ ಅರ್ಧ ಭಾರಕ್ಕೆ ಕಾರಣ ಆಗಿರಬಹುದು. ‘ಚಂದ ಕಾಣಲಿ’ ಅಂತ ಹಾಕಿಸಿದ ಅಗಲದ ಟೈರೂ ಭಾರ ಹೆಚ್ಚಿಸುತ್ತೆ. ‘ಸವೆದ ಕೀಲಿನ ಮೇಲೆ ಪವರ್ ಸ್ಟೇರಿಂಗ್ ಹಾಕಿದ್ರೆ ರೋಗ ಮುಚ್ಚಿ ಹೋಗುತ್ತೆ ಅಕ್ಕಾ, ವಾಸಿ ಆಗಲ್ಲ’ ಅಂದರು. ಗ್ರೀಸು, ಅಲೈನ್‌ಮೆಂಟು ಎಲ್ಲ ಆದ ಮೇಲೆ ನಿಜಕ್ಕೂ ಹಗುರಾಯ್ತು. ಅನೇಕರಿಗೆ ಅಷ್ಟೇ ಸಾಕು. ಅಪ್ಪನ ಭುಜಕ್ಕೆ ಸಾಲಲಿಲ್ಲ.

ಪವರ್ ಸ್ಟೇರಿಂಗ್ ಅನ್ನೋದು ನಾವಂದುಕೊಂಡಷ್ಟು ಹೊಸದೇನಲ್ಲ. ಅಮೆರಿಕದ ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರು 1920ರ ದಶಕದಲ್ಲೇ ಅದನ್ನು ಕಾರಿಗೆ ಜೋಡಿಸಿ ಓಡಿಸಿ ತೋರಿಸಿದ್ದರು. ಮಾರಾಟದ ಕಾರಿಗೆ ಬಂದಿದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್‌ಗೆ. ಅದು ಎಣ್ಣೆಯ ಒತ್ತಡದಿಂದ ಕೆಲಸ ಮಾಡುವಂಥದ್ದು: ಎಂಜಿನ್ನಿನ ಬೆಲ್ಟು ಒಂದು ಪಂಪನ್ನು ತಿರುಗಿಸುತ್ತೆ, ಆ ಒತ್ತಡ ಚಕ್ರ ತಿರುಗಿಸಲು ನೆರವಾಗುತ್ತೆ. ವಿದ್ಯುತ್ ಮೋಟಾರಿನದ್ದು 1988ರಲ್ಲಿ ಜಪಾನಿನ ಸುಜುಕಿ ಸರ್ವೊ ಜತೆ ಬಂತು. ಈಗ ನಮ್ಮ ಚಿಕ್ಕ ಕಾರುಗಳಲ್ಲೆಲ್ಲ ಇರೋದು ಇದೇ.

ಆಮೇಲಿನ ಕೆಲವು ಅಂಬಾಸಿಡರ್‌ಗಳಿಗೆ ಕಂಪನಿಯೇ ಎಣ್ಣೆಯ ಪವರ್ ಸ್ಟೇರಿಂಗ್ ಕೊಟ್ಟಿತ್ತು. ಆದರೆ ನಮ್ಮದರಲ್ಲಿರೋದು ಹಳೆಯ 1489 ಸಿಸಿ ಎಂಜಿನ್. ಪಂಪು ಕೂರಿಸಲು ಅದರಲ್ಲಿ ಜಾಗವೇ ಮಾಡಿಲ್ಲ. ಬ್ರಾಕೆಟ್ಟು, ಪುಲ್ಲಿ, ಪೈಪು ಎಲ್ಲ ಹೊಸದಾಗಿ ಮಾಡಿಸಬೇಕು. ವಿದ್ಯುತ್ತಿನದಾದರೆ ಮೋಟಾರು ಡ್ಯಾಶ್‌ಬೋರ್ಡಿನ ಕೆಳಗೆ, ಸ್ಟೇರಿಂಗ್ ಶಾಫ್ಟಿನ ಮೇಲೆಯೇ ಕೂರುತ್ತೆ. ಹೊರಗಿನಿಂದ ಏನೂ ಕಾಣಲ್ಲ, ಬೇಡ ಅನಿಸಿದರೆ ಬಿಚ್ಚಲೂಬಹುದು. ನಾವು ಅದನ್ನೇ ಆರಿಸಿದೆವು.

ಕೆಲಸ ಹೇಗೆ ನಡೆಯುತ್ತೆ ಅಂತ ಕೇಳಿ. ನಾವು ಚಕ್ರ ತಿರುಗಿಸಿದಾಗ ಶಾಫ್ಟು ಕೂದಲೆಳೆಯಷ್ಟು ತಿರುಚಿಕೊಳ್ಳುತ್ತೆ. ಆ ತಿರುಚನ್ನು ಒಂದು ಸೆನ್ಸರ್ ಅಳೆಯುತ್ತೆ, ಅದಕ್ಕೆ ತಕ್ಕಂತೆ ಮೋಟಾರು ನೆರವು ಕೊಡುತ್ತೆ. ಓದೋದಕ್ಕೆ ಸರಳ. ಹಳೇ ಕಾರಿಗೆ ಜೋಡಿಸುವಾಗ ನಾಲ್ಕು ತಲೆನೋವು.

ಮೊದಲನೆಯದು ಕರೆಂಟು. ನಮ್ಮದರಲ್ಲಿದ್ದದ್ದು ಹಳೇ ಡೈನಮೊ. ಎಂಜಿನ್ ನಿಧಾನಕ್ಕೆ ತಿರುಗುವಾಗ ಅದು ಕೊಡೋ ಕರೆಂಟು ಏನೂ ಸಾಲದು. ಮೋಟಾರಿಗೆ ಅತಿ ಹೆಚ್ಚು ಬೇಕಾಗೋದು ಆವಾಗಲೇ, ಅಂದರೆ ಪಾರ್ಕಿಂಗಿನಲ್ಲಿ. ಹಾಗಾಗಿ ಆಲ್ಟರ್ನೇಟರ್, ಒಳ್ಳೇ ಬ್ಯಾಟರಿ, ಮೋಟಾರಿಗೆ ಪ್ರತ್ಯೇಕ ದಪ್ಪ ವೈರು ಮತ್ತು ಫ್ಯೂಸು ಹಾಕಿಸಲೇಬೇಕಾಯ್ತು.

ಎರಡನೆಯದು ವೇಗದ ಲೆಕ್ಕ. ಹೊಸ ಕಾರುಗಳಲ್ಲಿ ವೇಗ ಹೆಚ್ಚಿದ ಹಾಗೆ ಮೋಟಾರು ತನ್ನ ನೆರವು ಕಡಿಮೆ ಮಾಡುತ್ತೆ. ಹಳೇ ಸ್ಪೀಡೋಮೀಟರಿನದ್ದು ಬರೀ ತಿರುಗುವ ಕೇಬಲ್ಲು, ಕಂಟ್ರೋಲರಿಗೆ ವೇಗ ತಿಳಿಸೋರು ಯಾರು? ವೇಗ ತಿಳಿಯದೆ ಗಂಟೆಗೆ 80 ಕಿಲೋಮೀಟರಿನಲ್ಲೂ ಗೇಟಿನ ಹತ್ತಿರದಷ್ಟೇ ಹಗುರ ಇದ್ದರೆ, ಸೀನಿದರೂ ಕಾರು ಪಕ್ಕಕ್ಕೆ ಹೋಗುತ್ತೆ. ಕೇಬಲ್ಲಿಗೇ ಒಂದು ಸೆನ್ಸರ್ ಕೂರಿಸಿ ಇದನ್ನು ಸರಿಮಾಡಿದರು. ‘ಅದೇನೂ ಬೇಡ, ಹಾಗೇ ಓಡುತ್ತೆ’ ಅನ್ನೋರ ಹತ್ತಿರ ಈ ಕೆಲಸ ಕೊಡಬೇಡಿ.

ಮೂರನೆಯದು ಗೇರು. ನಮ್ಮ ಕಾರಿನ ಗೇರು ಸ್ಟೇರಿಂಗಿನ ಪಕ್ಕದಲ್ಲೇ ಇರೋದು, ಅದರ ಕಡ್ಡಿ ಸ್ಟೇರಿಂಗ್ ಕಂಬಕ್ಕೆ ಅಂಟಿಕೊಂಡೇ ಕೆಳಗಿಳಿಯುತ್ತೆ. ಅದಕ್ಕೆ ತಾಕದಂತೆ ಮೋಟಾರಿಗೆ ಜಾಗ ಹುಡುಕೋದರಲ್ಲೇ ಎರಡು ದಿನ ಹೋಯ್ತು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಜೋಡಣೆ. ಹೊಸ ಶಾಫ್ಟನ್ನು ಹಳೆಯದಕ್ಕೆ ಬೀದಿ ಬದಿಯಲ್ಲಿ ವೆಲ್ಡ್ ಮಾಡಿಸಿ ಮುಗಿಸೋರೂ ಇದ್ದಾರೆ. ಆ ಬೆಸುಗೆ ಬಿಟ್ಟರೆ ಕಾರಿಗೆ ಸ್ಟೇರಿಂಗೇ ಇಲ್ಲ. ಹಲ್ಲು ಕಚ್ಚಿ ಕೂರುವ ಜೋಡಣೆಯನ್ನು ಲೇತಿನಲ್ಲಿ ಅಳತೆಗೆ ಮಾಡಿಸಿ, ಲಾಕ್ ಬೋಲ್ಟ್ ಹಾಕಿಸಿದೆವು. ಕೊನೆಯಲ್ಲಿ ಖಾಲಿ ಮೈದಾನಕ್ಕೆ ಒಯ್ದು, ಮೋಟಾರಿನ ಫ್ಯೂಸು ಕಿತ್ತು ಓಡಿಸಿ ನೋಡಿದೆವು. ಭಾರ ವಾಪಸು ಬಂತು, ಹಿಡಿತ ತಪ್ಪಲಿಲ್ಲ. ಮೋಟಾರು ಕೈಕೊಟ್ಟರೂ ಚಕ್ರಕ್ಕೂ ಕೈಗೂ ಇರುವ ಕೊಂಡಿ ಕಳಚಬಾರದು. ಈ ಪರೀಕ್ಷೆ ಮಾಡದೆ ಕಾರು ತಗೊಂಡು ಬರಬೇಡಿ.

ಕಾಗದಪತ್ರದ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇರೋದೇ ವಾಹನದ ಮಾರ್ಪಾಡಿನ ಬಗ್ಗೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆ ಸಲ್ಲದು ಅಂತ 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಆದ್ದರಿಂದ ಕೆಲಸಕ್ಕೆ ಕೈ ಹಾಕುವ ಮುಂಚೆಯೇ ಆರ್‌ಟಿಒ ಕಚೇರಿಗೆ ಬರೆದು ಕೇಳಿದೆವು, ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಿದೆವು. ಇನ್ನು ನಿಮ್ಮ ಕಾರು 50 ವರ್ಷ ದಾಟಿದ್ದು, 2021ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸುವ ಆಸೆ ಇದ್ದರೆ ಏನನ್ನಾದರೂ ಬದಲಿಸುವ ಮೊದಲು ಎರಡು ಸಲ ಯೋಚಿಸಿ. ಅಲ್ಲಿ ಮೂಲರೂಪಕ್ಕೇ ಬೆಲೆ.

ಒಟ್ಟು ಹನ್ನೊಂದು ದಿನ ಹಿಡೀತು, 40 ಸಾವಿರದ ಹತ್ತಿರ ಖರ್ಚಾಯ್ತು. ಆದರೆ ದುಡ್ಡಿಗಿಂತ ಕಷ್ಟ ಆಗಿದ್ದು ಅಪ್ಪನನ್ನು ಒಪ್ಪಿಸೋದು.

‘ಅಷ್ಟು ಗಟ್ಟಿ ಕಾರಿಗೆ ಊರುಗೋಲು ಕೊಡಿಸ್ತೀಯೇನೇ?’ ಅಂದರು.

‘ನಿಮಗೆ ಕನ್ನಡಕ ಕೊಡಿಸಿದಾಗ ಊರುಗೋಲು ಅನ್ನಲಿಲ್ಲವಲ್ಲ ಅಪ್ಪ’ ಅಂದೆ.

ನಕ್ಕರು. ಆದರೆ ಆ ಕನ್ನಡಕದ ಮಾತು ನನ್ನನ್ನೇ ಕೊರೆಯೋಕೆ ಶುರುವಾಯ್ತು. ಮೋಟಾರು ಭುಜಕ್ಕೆ ನೆರವಾಗುತ್ತೆ. ಕಣ್ಣಿಗೆ, ಕಿವಿಗೆ, ತಟ್ಟನೆ ಬ್ರೇಕ್ ಒತ್ತಬೇಕಾದ ಕಾಲಿಗೆ ನೆರವಾಗಲ್ಲ. ಸ್ಟೇರಿಂಗ್ ಭಾರ ಇದ್ದಾಗ ‘ಇನ್ನು ಸಾಕು’ ಅಂತ ಕಾರೇ ಹೇಳ್ತಿತ್ತು. ಹಗುರ ಮಾಡಿಸಿದ ಮೇಲೆ ಆ ಮಾತು ನಾವೇ ಹೇಳಬೇಕು. ಅದಕ್ಕೇ ಗ್ಯಾರೇಜಿಗೆ ಹೋಗೋ ಮೊದಲು ಅಪ್ಪನನ್ನು ಡಾಕ್ಟರ ಹತ್ತಿರ ಕರಕೊಂಡು ಹೋದೆ. ಕಣ್ಣು, ಕತ್ತು, ಕಾಲು ಎಲ್ಲ ನೋಡಿ, ಹಗಲು ಹೊತ್ತು ಊರೊಳಗೆ ಓಡಿಸಲು ಅಡ್ಡಿಯಿಲ್ಲ ಅಂದರು. ಆಮೇಲೆ ನಾವಿಬ್ಬರೂ ಒಂದು ಕರಾರು ಮಾಡಿಕೊಂಡೆವು: ಕತ್ತಲಾದ ಮೇಲೆ ಇಲ್ಲ, ಹೈವೇ ಇಲ್ಲ, ವರ್ಷಕ್ಕೊಮ್ಮೆ ತಪಾಸಣೆ. ಡಾಕ್ಟರು ಬೇಡ ಅಂದ ದಿನ ವಾದ ಮಾಡದೆ ಕೀಲಿ ಕೊಡಬೇಕು. ಅಪ್ಪ ಒಪ್ಪಿದ್ದಾರೆ. ಆ ದಿನ ಬಂದಾಗ ಕೇಳೋದು ನನಗೆ ಸುಲಭ ಆಗಲ್ಲ, ಗೊತ್ತು.

ಈಗ ವಾರಕ್ಕೆರಡು ಸಲ ಅಪ್ಪ ತಾವೇ ಕಾರು ತಗೊಂಡು ಮಾರ್ಕೆಟ್ಟಿಗೆ, ಲೈಬ್ರರಿಗೆ ಹೋಗ್ತಾರೆ. ಯಾವತ್ತೂ ಆ ಚಕ್ರ ಮುಟ್ಟದ ನಾನೂ ಓಡಿಸ್ತೀನಿ. ನಮ್ಮನೇಲಿ ಹೆಂಗಸರು ಅಂಬಾಸಿಡರ್ ಓಡಿಸೋದಿಲ್ಲ ಅನ್ನೋದಕ್ಕೆ ಇದ್ದ ಒಂದೇ ಕಾರಣ ಆ ಭಾರ ಅಂತ ಈಗ ಅನಿಸುತ್ತೆ.

ತಮ್ಮನಿಗೂ ಸಮಾಧಾನ ಇರಲಿ ಅಂತ ಬಿಚ್ಚಿದ ಹಳೇ ಶಾಫ್ಟು, ಡೈನಮೊ ಎಲ್ಲಕ್ಕೂ ಗ್ರೀಸ್ ಸವರಿ, ಗೋಣಿಯಲ್ಲಿ ಸುತ್ತಿ, ಚೀಟಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದೀವಿ. ಮುಂದೆ ಮಕ್ಕಳಿಗೆ ಮೂಲರೂಪವೇ ಬೇಕು ಅನಿಸಿದರೆ ಒಂದು ದಿನದ ಕೆಲಸ. ನೀವು ಮಾಡಿಸಿದರೂ ಅಷ್ಟು ಮಾಡಿ: ಬಿಚ್ಚಿದ್ದನ್ನು ಗುಜರಿಗೆ ಹಾಕಬೇಡಿ.