ತೋಟದ ಕೆಲಸವೇ ವ್ಯಾಯಾಮ ಅನ್ನೋ ಮಾತು ಇನ್ನು ಸಾಕು

ನಮ್ಮ ಅರಸೀಕೆರೆ, ತಿಪಟೂರು ಕಡೆ ಬಿಪಿ ಇರೋ ರೈತನಿಗೆ ಡಾಕ್ಟ್ರು "ದಿನಾ ಅರ್ಧ ಗಂಟೆ ನಡೀರಿ" ಅಂದ್ರೆ ಸಿಗೋ ಉತ್ತರ ಒಂದೇ. "ನಾವು ತೋಟದಲ್ಲಿ ದುಡಿಯೋ ಜನ ಸ್ವಾಮಿ, ವಾಕಿಂಗ್ ಎಲ್ಲಾ ಪ್ಯಾಟೆಯೋರಿಗೆ." ಡೈರಿ ಮುಂದೆ, ಅರಳಿಕಟ್ಟೆ ಮೇಲೆ, ಕೊಬ್ಬರಿ ಹಾಕೋಕೆ ಹೋದಾಗ ಎಪಿಎಂಸಿಯಲ್ಲಿ, ಎಲ್ಲಾ ಕಡೆ ಇದೇ ಮಾತು. ನಮ್ಮ ಅಜ್ಜಂದಿರು ಈ ಮಾತು ಹೇಳಿದ್ರೆ ಒಪ್ಪಬಹುದಿತ್ತು. ನಮ್ಮ ಬಾಯಲ್ಲಿ ಇದು ಶುದ್ಧ ಸುಳ್ಳು.

ಒಂದು ದಿನದ ಲೆಕ್ಕ ಹಾಕಿ ನೋಡೋಣ. ಬೆಳಗ್ಗೆ ಡೈರಿಗೆ ಹಾಲು ಹೋಗೋದು ಬೈಕ್ ಮೇಲೆ. ತೋಟ ಇರೋದು ಮುಕ್ಕಾಲು ಕಿಲೋಮೀಟರ್, ಅದಕ್ಕೂ ಬೈಕ್. ಮೋಟ್ರು ಆನ್ ಮಾಡೋಕೆ ಮೊಬೈಲ್ ಸ್ಟಾರ್ಟರ್ ಇದೆ. ಗುದ್ದಲಿ ಹಿಡಿದು ಪಾತಿಯಿಂದ ಪಾತಿಗೆ ಓಡಾಡ್ತಾ ನೀರು ಕಟ್ಟೋ ಕಾಲ ಹೋಯ್ತು, ಈಗ ಡ್ರಿಪ್ ವಾಲ್ವ್ ತಿರುಗಿಸಿದ್ರೆ ಮುಗೀತು. ಉಳುಮೆಗೆ ಟ್ರ್ಯಾಕ್ಟರ್, ರಾಗಿ ಕೊಯ್ಲಿಗೆ ಮಿಷನ್. ಕಾಯಿ ಕೀಳೋರು ಬೇರೆ, ಸುಲಿಯೋರು ಬೇರೆ. ನಮಗೆ ಉಳಿದಿರೋ ಕೆಲಸ ಅಂದ್ರೆ ನಿಂತು ನೋಡೋದು, ಫೋನ್ ಮಾಡೋದು, ಕೂಲಿ ಲೆಕ್ಕ ಬರೆಯೋದು.

ಯಂತ್ರ ಬೇಡ ಅಂತ ನಾನು ಹೇಳ್ತಿಲ್ಲ. ಆಳು ಸಿಗದ ಕಾಲದಲ್ಲಿ ಅದಿಲ್ಲದೆ ಬೇಸಾಯವೇ ಇಲ್ಲ. ಆದ್ರೆ ಕೆಲಸ ಯಂತ್ರಕ್ಕೆ ಹೋಯ್ತು, ಮುದ್ದೆಯ ಗಾತ್ರ ಅಜ್ಜನ ಕಾಲದ್ದೇ ಉಳೀತು, ಉಪ್ಪಿನಕಾಯಿಯೂ ಹಾಗೇ ಉಳೀತು. ದುಡಿಮೆಯ ಹೆಸರು ಮಾತ್ರ ನಮ್ಮ ಹತ್ರ ಇದೆ.

"ನಾನು ಈಗಲೂ ಮೂಟೆ ಹೊರ್ತೀನಿ ಕಣಯ್ಯಾ" ಅನ್ನೋರೂ ಇದ್ದಾರೆ. ಅವರ ಮೇಲೆ ನನಗೆ ಗೌರವ ಇದೆ. ಆದ್ರೂ ಅವರಿಗೆ ಒಂದು ಮಾತು. ಮೂಟೆ ಎತ್ತುವಾಗ ಉಸಿರು ಬಿಗಿ ಹಿಡೀತೀವಿ, ಮೈ ಗಟ್ಟಿ ಮಾಡ್ತೀವಿ. ಆ ಹೊತ್ತಲ್ಲಿ ಬಿಪಿ ಸರ್ರನೆ ಮೇಲಕ್ಕೇರುತ್ತೆ. ಒಂದೇ ಹದದಲ್ಲಿ ಅರ್ಧ ಗಂಟೆ ಬಿರುಸಾಗಿ ನಡೆದಾಗ ರಕ್ತನಾಳ ಸಡಿಲ ಆಗುತ್ತೆ, ನಡೆದು ಮುಗಿಸಿದ ಮೇಲೂ ಎಷ್ಟೋ ಹೊತ್ತು ಬಿಪಿ ಇಳಿದೇ ಇರುತ್ತೆ. ಸಂಜೆ ಹೊತ್ತಿಗೆ ಮೈಕೈ ನೋವು ಬಂತು ಅಂದ ಮಾತ್ರಕ್ಕೆ ಹೃದಯಕ್ಕೆ ವ್ಯಾಯಾಮ ಆಯ್ತು ಅಂತ ಅರ್ಥ ಅಲ್ಲ.

ಡ್ರಿಪ್ ಇರೋರಿಗೆ ಇದು ಬೇಗ ಅರ್ಥ ಆಗುತ್ತೆ. ಪೈಪ್ ಕಿರಿದಾದ್ರೆ, ಮಣ್ಣು ಕಟ್ಟಿಕೊಂಡ್ರೆ ಗೇಜಿನ ಮುಳ್ಳು ಮೇಲೇರುತ್ತೆ, ಮೋಟ್ರು ಏದುಸಿರು ಬಿಡುತ್ತೆ, ಕೊನೆಗೆ ಎಲ್ಲೋ ಒಂದು ಕಡೆ ಪೈಪ್ ಒಡೆಯುತ್ತೆ. ದೇಹದಲ್ಲಿ ಪೈಪ್ ಒಡೆಯೋ ಜಾಗ ಮೆದುಳಾದ್ರೆ ಅದನ್ನೇ ಸ್ಟ್ರೋಕ್ ಅನ್ನೋದು, ನಮ್ಮ ಮಾತಲ್ಲಿ ಲಕ್ವ ಹೊಡೀತು ಅಂತೀವಲ್ಲ, ಅದು. ದಿನಾ ನಡೆದ್ರೆ ರಕ್ತನಾಳಗಳ ಬಿಗಿ ಕಮ್ಮಿ ಆಗುತ್ತೆ, ಹೃದಯ ಅಷ್ಟೇ ರಕ್ತವನ್ನ ಕಮ್ಮಿ ತ್ರಾಸದಲ್ಲಿ ತಳ್ಳುತ್ತೆ. ಗೇಜ್ ನೋಡಿ ಫಿಲ್ಟರ್ ತೊಳೆಯೋ ನಾವು ನಮ್ಮ ತೋಳಿಗೆ ಬಿಪಿ ಪಟ್ಟಿ ಕಟ್ಟಿಸ್ಕೊಳ್ಳೋಕೆ ಮಾತ್ರ ಹಿಂದೆಮುಂದೆ ನೋಡ್ತೀವಿ.

"ನನಗೇನೂ ಆಗ್ತಿಲ್ವಲ್ಲ" ಅಂತೀರಾ? ಕೆಂಪುಮೂತಿ ಹುಳನೂ ಹಾಗೇ. ಒಳಗೆ ತಿಂತಾನೇ ಇರುತ್ತೆ, ಸುಳಿ ಬಾಗಿದ ಮೇಲೆ ಗೊತ್ತಾಗುತ್ತೆ. ಹೆಚ್ಚಿನವರಿಗೆ ಬಿಪಿ ಯಾವ ಸೂಚನೆಯನ್ನೂ ಕೊಡಲ್ಲ. ಐಸಿಎಂಆರ್‌ನ ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಪ್ರಕಟ ಆಯ್ತು. ಅದರ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ 35 ಜನರಿಗೆ ಬಿಪಿ ಇದೆ. ಕಟ್ಟೆ ಮೇಲೆ ಕೂತಿರೋ ಮೂವರಲ್ಲಿ ಒಬ್ಬರು ಅಂತ ಇಟ್ಕೊಳ್ಳಿ.

ಎಷ್ಟು ಇಳಿಯುತ್ತೆ ಅನ್ನೋದನ್ನೂ ಹೇಳ್ತೀನಿ. ಬಿಪಿ ಇರೋರು ತಪ್ಪದೆ ನಡೆದ್ರೆ ಮೇಲಿನ ಸಂಖ್ಯೆ 5ರಿಂದ 8ರಷ್ಟು ಇಳಿಯುತ್ತೆ. "ಇಷ್ಟೇನಾ" ಅನ್ನಬೇಡಿ. ಒಂದು ಬಿಪಿ ಮಾತ್ರೆ ಮಾಡೋ ಕೆಲಸಕ್ಕೆ ಇದು ಹತ್ತಿರ ಹತ್ತಿರ ಬರುತ್ತೆ, ಅದೂ ಬಿಡಿಗಾಸಿಲ್ಲದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ವಾರಕ್ಕೆ ಕನಿಷ್ಠ 150 ನಿಮಿಷ. ದಿನಕ್ಕೆ 30 ನಿಮಿಷದಂತೆ ವಾರಕ್ಕೆ 5 ದಿನ ಅಷ್ಟೇ.

ಆದ್ರೆ "ತಪ್ಪದೆ" ಅನ್ನೋ ಮಾತನ್ನ ಮರೀಬೇಡಿ. ನಮ್ಮ ತೋಟದ ಕೆಲಸ ಸೋಲೋದೇ ಇಲ್ಲಿ. ಸುಗ್ಗಿಯಲ್ಲಿ ಹದಿನೈದು ದಿನ ಮೈಮುರಿಯೋ ಹಂಗೆ ಕೆಲಸ, ಆಮೇಲೆ ಎರಡು ತಿಂಗಳು ಜಗಲಿ. ವ್ಯಾಯಾಮದಿಂದ ಇಳಿದ ಬಿಪಿ, ನಿಲ್ಲಿಸಿದ ಕೆಲವೇ ವಾರಗಳಲ್ಲಿ ವಾಪಸ್ ಏರುತ್ತೆ. ಹಸುಗೆ ತಿಂಗಳ ಮೇವನ್ನ ಒಂದೇ ದಿನ ಹಾಕಿ ಹಾಲು ಕೊಡು ಅಂದ್ರೆ ಕೊಡುತ್ತಾ?

2025ರ ಜೂನ್, ಜುಲೈ ನೆನಪಿಸ್ಕೊಳ್ಳಿ. ನಮ್ಮ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿ ಟಿವಿಯಲ್ಲಿ ಬಂದಿದ್ದೇ ತಡ, ಜನ ಬೆಳಗಿನ ಜಾವವೇ ಎದ್ದು ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತ್ರು. ಭಯ ಪಟ್ಟಿದ್ದು ತಪ್ಪಲ್ಲ. ಆದ್ರೆ ಇಸಿಜಿ ಸರಿ ಇದೆ ಅಂತ ಗೊತ್ತಾದ ಮೇಲೆ ಏನಾಯ್ತು? ನಮ್ಮೂರ ರಸ್ತೆಯಲ್ಲಿ ಬೆಳಗ್ಗೆ ನಡೆಯೋರು ಒಂದು ವಾರ ಹೆಚ್ಚಾದ್ರು, ಆಮೇಲೆ ಮತ್ತೆ ಅದೇ ಕಟ್ಟೆ, ಅದೇ ಟೀ. ಅಷ್ಟು ದೂರ ಹೋಗಿ ಸಾಲಲ್ಲಿ ನಿಲ್ಲೋಕೆ ಆಗುತ್ತೆ, ಊರ ಕೆರೆ ಏರಿ ಮೇಲೆ ನಡೆಯೋಕೆ ಮಾತ್ರ ಪುರುಸೊತ್ತಿಲ್ಲ!

ಇನ್ನೊಂದು ವಾದ ಇದೆ. "ಅಷ್ಟು ವ್ಯಾಯಾಮ ಮಾಡ್ತಿದ್ದ ಅಪ್ಪುನೇ ಹೋದ್ರು, ಇನ್ನು ನಮ್ಮದೇನು." 2021ರ ಅಕ್ಟೋಬರ್ 29ರ ಆ ನೋವು ಎಲ್ಲರಿಗೂ ಇದೆ. ಅವರ ಸಾವಿಗೆ ಕಾರಣ ಏನು ಅಂತ ಕಟ್ಟೆ ಮೇಲೆ ಕೂತು ತೀರ್ಮಾನ ಮಾಡೋಕೆ ನಾವ್ಯಾರು? ಆ ಹೆಸರನ್ನ ನಮ್ಮ ಸೋಮಾರಿತನಕ್ಕೆ ನೆಪ ಮಾಡ್ಕೋಬಾರದು. ನಾನು ಯಾರಿಗೂ ಜಿಮ್‌ಗೆ ಹೋಗಿ ಕಬ್ಬಿಣ ಎತ್ತಿ ಅಂತ ಹೇಳ್ತಿಲ್ಲ, ನಡೀರಿ ಅಂತಿದ್ದೀನಿ.

ಹೆಂಗಸರ ವಿಷಯ ಬಂದ್ರೆ ನಮ್ಮ ಗಂಡಸರ ಬಾಯಿ ಇನ್ನೂ ಜೋರು. "ಮನೆ ಕೆಲಸ ಮಾಡಿದ್ರೆ ಸಾಲದಾ, ವಾಕಿಂಗ್ ಬೇರೆ ಕೇಡು" ಅಂತ. ಅಮ್ಮ, ಅಕ್ಕ, ಮನೆಯಾಕೆ ಇವರಿಗೂ ಬಿಪಿ ಬರುತ್ತೆ ಕಣ್ರಪ್ಪಾ. ಬೆಳಗಿನಿಂದ ಒಲೆ, ಕೊಟ್ಟಿಗೆ ಅಂತ ಕುಗ್ಗಿ ಹೋದವರಿಗೆ ಅರ್ಧ ಗಂಟೆ ಬಿಡುವು ಮಾಡ್ಕೊಡೋದು ನಮ್ಮ ಕೆಲಸ. ಸಂಜೆ ಹಾಲು ಕರೆಯೋದನ್ನ ಒಂದು ದಿನ ನೀವು ಮಾಡಿ, ಅವರು ನಡೆದು ಬರಲಿ. ನೋಡಿ ನಗೋರು ನಾಲ್ಕು ದಿನ ನಗ್ತಾರೆ, ಐದನೇ ದಿನಕ್ಕೆ ಅವರಿಗೂ ಬೇಜಾರಾಗುತ್ತೆ.

ಒಂದು ಎಚ್ಚರಿಕೆ. ನಡೆಯೋಕೆ ಶುರು ಮಾಡಿದೆ ಅಂತ ಮಾತ್ರೆ ಬಿಡಬೇಡಿ. ಕಮ್ಮಿ ಮಾಡೋದು, ಬಿಡಿಸೋದು ಡಾಕ್ಟ್ರ ಕೆಲಸ. ಬಿಪಿ 140/90ಕ್ಕಿಂತ ಮೇಲೆ ಇದ್ರೆ ಮೊದಲು ಪಿಎಚ್‌ಸಿಗೆ ಹೋಗಿ ತೋರಿಸಿ, 180 ದಾಟಿದ್ರೆ ಡಾಕ್ಟ್ರು ಹೂಂ ಅನ್ನೋವರೆಗೆ ವ್ಯಾಯಾಮ ಶುರು ಮಾಡಬೇಡಿ. ನಡೆಯುವಾಗ ಎದೆ ನೋವು, ತಲೆ ಸುತ್ತು, ತಡೆಯಲಾಗದ ಉಬ್ಬಸ ಬಂದ್ರೆ ಅಲ್ಲೇ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ.

ಮಾಡಬೇಕಾಗಿದ್ದು ಇಷ್ಟೇ. ತೋಟಕ್ಕೆ ಹೋಗುವಾಗ ಬೈಕ್ ಮನೆಯಲ್ಲೇ ಬಿಡಿ. ಹೋಗಿ ಬರೋದು ಒಂದೂವರೆ ಕಿಲೋಮೀಟರ್ ಆಗುತ್ತೆ, ಕೆರೆ ಏರಿ ಮೇಲೆ ಒಂದು ಸುತ್ತು ಸೇರಿಸಿದ್ರೆ ಅರ್ಧ ಗಂಟೆ ತುಂಬುತ್ತೆ. ಮೊದಲ ವಾರ ಹತ್ತು ನಿಮಿಷ ಸಾಕು, ಆಮೇಲೆ ಏರಿಸಿ. ವೇಗಕ್ಕೆ ಒಂದು ಅಳತೆ ಇದೆ: ಪಕ್ಕದವರ ಜೊತೆ ಮಾತಾಡೋಕೆ ಆಗಬೇಕು, ಪದ ಹಾಡೋಕೆ ಆಗಬಾರದು. ಶುರು ಮಾಡೋ ಮುಂಚೆ ಒಂದು ಸಲ, ಮೂರು ತಿಂಗಳಾದ ಮೇಲೆ ಇನ್ನೊಂದು ಸಲ ಬಿಪಿ ನೋಡಿಸಿ ಗೋಡೆ ಕ್ಯಾಲೆಂಡರ್ ಮೇಲೆ ಬರೆದಿಡಿ. ಹಾಲಿನ ಲೆಕ್ಕ ಬರೆಯೋ ಜಾಗದಲ್ಲೇ ಬರೀರಿ.

ಮಕ್ಕಳಿಗೆ ಬೋರ್‌ವೆಲ್ ಬಿಟ್ಟು ಹೋಗ್ತೀವಿ, ತೋಟ ಬಿಟ್ಟು ಹೋಗ್ತೀವಿ. ಲಕ್ವ ಹೊಡೆದು ಹಾಸಿಗೆ ಹಿಡಿದ ಅಪ್ಪನನ್ನ ನೋಡ್ಕೊಳ್ಳೋ ಕೆಲಸನೂ ಬಿಟ್ಟು ಹೋಗೋದು ಬೇಡ.