ಡಿಸ್ಕಿಗೂ ಬೇಕು ದುಭಾಷಿ

ಮನೆಯ ಕಂಪ್ಯೂಟರಿಗೆ ಬೇರೊಂದು ಆಪರೇಟಿಂಗ್ ಸಿಸ್ಟಂ ಹಾಕಹೊರಟಾಗ ಕೆಲವೊಮ್ಮೆ ಅದಕ್ಕೆ ಹಾರ್ಡ್ ಡಿಸ್ಕೇ ಕಾಣುವುದಿಲ್ಲ. ಮಗ ಡಿಸ್ಕ್ ಕೆಡಿಸಿದನೆಂದು ತಂದೆ ಗದರುವುದುಂಟು. ಹಲವು ಸಲ ಡಿಸ್ಕ್ ಕೆಟ್ಟಿರುವುದಿಲ್ಲ; ಡ್ರೈವರ್ ಇರುವುದಿಲ್ಲ, ಅಷ್ಟೆ.

ಡ್ರೈವರ್ ಎಂದರೆ ದುಭಾಷಿಯಂಥ ತಂತ್ರಾಂಶ. 'ಇಂತಿಷ್ಟನೇ ಖಂಡವನ್ನು ಓದು' ಎಂಬ ಆಜ್ಞೆಯನ್ನು ಅದು ಡಿಸ್ಕಿನ ನಿಯಂತ್ರಕಕ್ಕೆ ತಿಳಿಯುವ ಸಂಕೇತವಾಗಿ ಮಾರ್ಪಡಿಸುತ್ತದೆ. ಒಂದು ವ್ಯವಸ್ಥೆಗೆ ಬರೆದ ಡ್ರೈವರ್ ಸಾಮಾನ್ಯವಾಗಿ ಇನ್ನೊಂದಕ್ಕೆ ಒಗ್ಗದು.

1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆದಾಗ, ತನ್ನ ಬಳಿಯಿದ್ದ ಎಟಿ ಮಾದರಿಯ ಡಿಸ್ಕನ್ನು ಬಿಟ್ಟು ಬೇರೆಯದು ಅದಕ್ಕೆ ಬಹುಶಃ ಎಂದೂ ತಿಳಿಯದು ಎಂದಿದ್ದರು. ಒಮ್ಮೆ ಮೋಡೆಮ್‌ಗೆ ಹೋಗಬೇಕಿದ್ದ ಆಜ್ಞೆ ತಪ್ಪಿ ಡಿಸ್ಕಿಗೆ ಹೋಗಿ, ಅವರು ಬಳಸುತ್ತಿದ್ದ ಮಿನಿಕ್ಸ್ ವ್ಯವಸ್ಥೆಯ ವಿಭಾಗವೇ ಕೆಟ್ಟಿತು. ಅವರು ಮಿನಿಕ್ಸಿಗೆ ಮರಳದೆ ಲಿನಕ್ಸನ್ನೇ ಬೆಳೆಸಿದರು. ಸ್ಕಸಿ ಡಿಸ್ಕುಗಳಿಗೆ ಡ್ರೈವರ್ ಬರೆದುಕೊಟ್ಟವರು ಬೇರೆಯವರು. ಹೀಗೆ ಹಲವರ ಕೈ ಸೇರಿ ಲಿನಕ್ಸ್‌ಗೆ ನೂರಾರು ಡಿಸ್ಕುಗಳ ಭಾಷೆ ಬಂತು.

ವಿದ್ಯಾರ್ಥಿಗಳೇ, ಪ್ರಯೋಗ ಮಾಡಿ. ಆದರೆ ಮೊದಲು ಮನೆಯವರ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಡಿ. ಹೊಸ ವ್ಯವಸ್ಥೆಯನ್ನು ಪೆನ್ ಡ್ರೈವ್‌ನಿಂದಲೇ ನಡೆಸಿ, ಡಿಸ್ಕ್ ಕಾಣುತ್ತದೆಯೇ ನೋಡಿ. 'ಯಾವ ವಿಭಾಗ?' ಎಂಬ ಪ್ರಶ್ನೆ ಬಂದಾಗ ಎರಡು ಬಾರಿ ಓದಿ ಉತ್ತರಿಸಿ. ಟೊರ್ವಾಲ್ಡ್ಸ್ ಕಳೆದುಕೊಂಡದ್ದು ತಮ್ಮದೇ ಕೆಲಸ. ನೀವು ಕಳೆಯುವುದು ಅಪ್ಪನ ಲೆಕ್ಕಪತ್ರವಾದೀತು!